ಗಾಂಜಾ ಸೇದ್ತೀನಿ, ಆರಾಧನೆಗೆ ಗಿಟಾರೂ ನುಡಿಸ್ತೀನಿ, ನಾನು ಪಾಪ ಮಾಡ್ತಿದೀನಾ?

ಪ್ರಶ್ನೆ: ಅಣ್ಣಾ, ನನಗೆ 26 ವರ್ಷ, ದಾವಣಗೆರೆಯಲ್ಲಿ ಬೈಕ್ ಶೋರೂಮ್‌ನಲ್ಲಿ ಸರ್ವಿಸ್ ಕಡೆ ಕೆಲಸ. ಹುಟ್ಟಿದಾಗಿಂದ ಸಭೆಗೆ ಹೋಗೋ ಮನೆ, ಭಾನುವಾರ ಆರಾಧನೆಗೆ ಗಿಟಾರ್ ನುಡಿಸೋನು ನಾನೇ. ನಾಲ್ಕು ವರ್ಷದಿಂದ ಗಾಂಜಾ ಸೇದ್ತೀನಿ. ಮೊದಲು ಶನಿವಾರ ಪ್ರಾಕ್ಟೀಸ್ ಮುಗಿದ್ಮೇಲೆ ಇಬ್ಬರು ಫ್ರೆಂಡ್ಸ್ ಜೊತೆ ಕುಂದವಾಡ ಕೆರೆ ಕಡೆ ಹೋಗಿ ಸೇದ್ತಿದ್ದೆ ಅಷ್ಟೇ, ಈಗ ಹೆಚ್ಚುಕಮ್ಮಿ ದಿನಾ ರಾತ್ರಿ ಟೆರೇಸ್ ಮೇಲೆ ಒಂದು ರೋಲ್. ಕುಡಿಯಲ್ಲ, ಯಾರ ಜೊತೆನೂ ಜಗಳ ಇಲ್ಲ, ಕೆಲಸಕ್ಕೆ ಚಕ್ಕರ್ ಹೊಡೆಯಲ್ಲ. ಸೇದಿದ್ರೆ ಚೆನ್ನಾಗಿ ನಿದ್ದೆ ಬರುತ್ತೆ, ನಿಜ ಹೇಳ್ಬೇಕಂದ್ರೆ ಪ್ರಾರ್ಥನೆನೂ ಆಳವಾಗಿ ಆಗುತ್ತೆ. ಗಿಡ ದೇವರೇ ಮಾಡಿದ್ದು, ಆದಿಕಾಂಡ 1:29ರಲ್ಲಿ ಬೀಜ ಬಿಡೋ ಗಿಡ ಎಲ್ಲಾ ಕೊಟ್ಟಿದೀನಿ ಅಂತ ಇದೆ, ಸತ್ಯವೇದದಲ್ಲಿ ಎಲ್ಲೂ ಗಾಂಜಾ ಬೇಡ ಅಂತ ಇಲ್ಲ. ಆದ್ರೂ ಭಾನುವಾರ ಬೆಳಿಗ್ಗೆ ಬೆರಳಿಗೆ ನಿಂಬೆಸಿಪ್ಪೆ ಉಜ್ಜಿಕೊಂಡು ಹೋಗುವಾಗ ಒಂಥರಾ ಆಗುತ್ತೆ, ಕರ್ತನ ಭೋಜನ (ಸಭೆಯಲ್ಲಿ ಕೊಡೋ ರೊಟ್ಟಿ, ದ್ರಾಕ್ಷಾರಸ) ತಗೊಳ್ಳೋದು ಬಿಟ್ಟಿದೀನಿ. ಮನೇಲಿ ಹೆಣ್ಣು ನೋಡ್ತಿದಾರೆ, ಚಿತ್ರದುರ್ಗದ ಹುಡುಗಿ ಹೆಚ್ಚುಕಮ್ಮಿ ಫಿಕ್ಸು. (ನಮ್ಮ ಚಿಕ್ಕಪ್ಪನೂ ಸೇದ್ತಿದ್ರಂತೆ, ಕೊನೆಗೆ ತಲೆ ಕೆಟ್ಟು ದೇವರು ನನ್ನ ಜೊತೆ ಮಾತಾಡ್ತಾನೆ ಅಂತಿದ್ರು, ಅದು ಬೇರೆ ವಿಷಯ ಬಿಡಿ.) ವಿಶ್ವಾಸನೂ ಇದನ್ನೂ ಒಟ್ಟಿಗೆ ಇಟ್ಕೊಳ್ಳೋಕೆ ಆಗುತ್ತಾ? ನನ್ನ ನೀನು ಅಂತಲೇ ಕರೀರಿ, ಬೇಜಾರಿಲ್ಲ.

ಉತ್ತರ: ತಮ್ಮಾ, ಆದಿಕಾಂಡಕ್ಕೆ ಆಮೇಲೆ ಬರೋಣ, ಮೊದಲು ನಿನ್ನ ಚಿಕ್ಕಪ್ಪನ ವಿಷಯ. ಬ್ರಾಕೆಟ್ ಒಳಗೆ ಹಾಕಿ ಬೇರೆ ವಿಷಯ ಅಂದುಬಿಟ್ಟಿದೀಯ, ಆದ್ರೆ ಇಷ್ಟು ದೊಡ್ಡ ಪ್ರಶ್ನೆಯಲ್ಲಿ ನನಗೆ ಭಯ ಹುಟ್ಟಿಸಿದ್ದು ಅದೊಂದೇ ಸಾಲು. ನಾನು ಥಿಯಾಲಜಿ ಓದಿ ಆಮೇಲೆ ವ್ಯಸನಮುಕ್ತಿ ಕೌನ್ಸೆಲಿಂಗ್ ಕಡೆ ಬಂದವನು, ನನ್ನ ಹತ್ರ ಕೆಲವರು ವಚನ ಕೇಳೋಕೆ ಬರ್ತಾರೆ, ಕೆಲವರು ಡಾಕ್ಟರ್ ಯಾರು ಒಳ್ಳೇವ್ರು ಅಂತ ಕೇಳೋಕೆ ಬರ್ತಾರೆ. ನೀನು ವಚನ ಕೇಳೋಕೆ ಬಂದಿದೀಯ, ಆದ್ರೆ ನಿನಗೆ ಮೊದಲು ಬೇಕಾಗಿರೋದು ಡಾಕ್ಟರು.

ಯಾಕೆ ಅಂದ್ರೆ, ಗಾಂಜಾದಲ್ಲಿ ತಲೆಗೆ ಏರೋ ಅಂಶ ಟಿಎಚ್‌ಸಿ ಅಂತ. ಸೇದಿದವರಿಗೆಲ್ಲಾ ಹುಚ್ಚು ಹಿಡಿಯುತ್ತೆ ಅಂತ ಹೆದರಿಸೋದು ಸುಳ್ಳು, ಬಹಳ ಜನಕ್ಕೆ ಹಾಗೇನೂ ಆಗಲ್ಲ. ಆದ್ರೆ ಮನೆತನದಲ್ಲಿ ಸ್ಕಿಜೋಫ್ರೇನಿಯಾ ಥರದ (ಇಲ್ಲದ ದನಿ ಕೇಳೋ, ಇಲ್ಲದ್ದು ನಿಜ ಅನ್ನಿಸೋ) ಕಾಯಿಲೆ ಇದ್ದು, ಅದರ ಮೇಲೆ ದಿನಾ ಸೇದೋ ಅಭ್ಯಾಸ, ಅದರ ಮೇಲೆ ಸ್ಟ್ರಾಂಗ್ ಮಾಲು, ಅದರ ಮೇಲೆ ಚಿಕ್ಕ ವಯಸ್ಸಲ್ಲೇ ಶುರು ಮಾಡಿದ್ದು, ಹೀಗೆ ಒಂದೊಂದೂ ಸೇರ್ತಾ ಹೋದ ಹಾಗೆ ಅಪಾಯ ಏರ್ತಾ ಹೋಗುತ್ತೆ. ಗಂಡಸರಲ್ಲಿ ಆ ಕಾಯಿಲೆ ಸಾಮಾನ್ಯವಾಗಿ ಮೊದಲ ಸಲ ತಲೆ ಎತ್ತೋದೇ ಹದಿಹರೆಯದ ಕೊನೆಯಿಂದ ಮೂವತ್ತರ ಒಳಗೆ. ನಿನಗೀಗ 26. ಚಿಕ್ಕಪ್ಪಂಗೆ ಗಾಂಜಾದಿಂದಲೇ ಹಾಗಾಯ್ತಾ ಇಲ್ಲಾ ಕಾಯಿಲೆ ಮೊದಲೇ ಒಳಗಿತ್ತಾ ಅಂತ ಈಗ ಯಾರಿಗೂ ಹೇಳೋಕಾಗಲ್ಲ, ಆದ್ರೆ ಎರಡೂ ಒಂದೇ ಮನೇಲಿ ಒಟ್ಟಿಗೆ ನಡೆದಿದೆ ಅನ್ನೋದೇ ನಿನಗೆ ಸಾಕು. ನಿನ್ನ ಆ ಇಬ್ಬರು ಫ್ರೆಂಡ್ಸ್ ಬಂದು ಇದೇ ಪ್ರಶ್ನೆ ಕೇಳಿದ್ರೆ ನಾನು ಸ್ವಲ್ಪ ಚೌಕಾಸಿ ಮಾಡ್ತಿದ್ದೆನೋ ಏನೋ, ನಿನ್ನ ಹತ್ರ ಚೌಕಾಸಿ ಇಲ್ಲ. ನಿಲ್ಲಿಸು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಯಾರೋ ಹೆಸರು ಹಿಡಿದು ಕರೆದ ಹಾಗೆ ಕೇಳೋದು, ಪಕ್ಕದ ಮನೆಯವರು ಸರ್ವಿಸ್‌ಗೆ ಬಂದ ಕಸ್ಟಮರ್ ಎಲ್ಲಾ ನನ್ನ ಬಗ್ಗೆನೇ ಮಾತಾಡ್ಕೊಳ್ತಿದಾರೆ ಅನ್ನಿಸೋದು, ದೇವರು ನನಗೊಬ್ಬನಿಗೇ ಏನೋ ಗುಟ್ಟು ಹೇಳ್ತಿದಾನೆ ಅನ್ನಿಸೋದು, ಇದರಲ್ಲಿ ಯಾವುದಾದ್ರೂ ಒಂದು ಶುರುವಾದ್ರೆ ಅವತ್ತೇ ಆಸ್ಪತ್ರೆಗೆ ಹೋಗ್ಬೇಕು. ನಮ್ಮ ಸಭೆಗಳಲ್ಲಿ ಇದಕ್ಕೆ ಎರಡೇ ಹೆಸರು, ಒಂದೋ ಪ್ರವಾದನೆ ಇಲ್ಲಾ ದೆವ್ವ. ಪ್ರವಾದನೆ ಅಂದ್ರೆ ಮೈಕ್ ಕೊಡ್ತಾರೆ, ದೆವ್ವ ಅಂದ್ರೆ ಉಪವಾಸ ಪ್ರಾರ್ಥನೆಗೆ ಕೂರಿಸ್ತಾರೆ, ನಿದ್ದೆ ಇಲ್ಲದೆ ಊಟ ಇಲ್ಲದೆ ಕಾಯಿಲೆ ಇನ್ನೂ ಕೆರಳುತ್ತೆ, ತಿಂಗಳುಗಟ್ಟಲೆ ಹೀಗೇ ಓಡಾಡಿಸಿ ಕೊನೆಗೆ ಆಸ್ಪತ್ರೆಗೆ ಕರ್ಕೊಂಡು ಬಂದ ಮನೆಯವರನ್ನ ನಾನು ನೋಡಿದೀನಿ. ಪ್ರಾರ್ಥನೆ ಮಾಡಿ, ಬೇಡ ಅನ್ನಲ್ಲ, ಆದ್ರೆ ಆಸ್ಪತ್ರೆಗೆ ಹೋಗೋ ದಾರೀಲಿ ಮಾಡಿ.

ಈಗ ನಿನ್ನ ವಚನಕ್ಕೆ ಬರ್ತೀನಿ. ಆದಿಕಾಂಡ 1:29 ಗಾಂಜಾ ಸೇದೋರೆಲ್ಲಾ ಬಾಯಿಪಾಠ ಮಾಡಿರೋ ವಚನ, ಮಿಕ್ಕ ಸತ್ಯವೇದ ತೆರೆದಿರಲ್ಲ ಪಾಪ. ಆ ವಚನದಲ್ಲೇ ಮುಂದೆ ಇದೆ, ಇವು ನಿಮಗೆ ಆಹಾರಕ್ಕೆ ಅಂತ. ಊಟದ ಮಾತು ಅದು. ದತ್ತೂರಿ ಗಿಡಕ್ಕೂ ಬೀಜ ಇದೆ, ಔಡಲಕ್ಕೂ ಇದೆ, ನಮ್ಮ ಹೊಲದ ಬದುವಿನ ಮೇಲೆ ಬೆಳೆದಿರೋದನ್ನೆಲ್ಲಾ ದೇವರು ಕೊಟ್ಟ ಅಂತ ಅರೆದು ಕುಡಿಯಲ್ಲ ಯಾರೂ. ಹಾಗಂತ ಗಿಡ ಸೈತಾನಂದು ಅನ್ನೋ ಬೋಧನೆನೂ ನಾನು ಒಪ್ಪಲ್ಲ. ಅದೇ ಅಧ್ಯಾಯದ ಕೊನೇಲಿ ದೇವರು ತಾನು ಮಾಡಿದ್ದೆಲ್ಲಾ ನೋಡಿ ಬಹಳ ಒಳ್ಳೇದು ಅಂದ, ಆ ಎಲ್ಲದರಲ್ಲಿ ಈ ಗಿಡನೂ ಬಂತು. ಅದರ ನಾರಿನಿಂದ ಹಗ್ಗ ಹೊಸೆದಿದಾರೆ, ಇವತ್ತು ಅಮೆರಿಕದಲ್ಲಿ ಮಕ್ಕಳ ಕೆಲವು ಭಾರಿ ಫಿಟ್ಸ್ ಕಾಯಿಲೆಗೆ ಇದರಿಂದ ತೆಗೆದ ಸಿಬಿಡಿ (ಅಮಲು ಬರಿಸದ ಅಂಶ) ಅನ್ನೋ ಔಷಧಿಗೆ 2018ರಲ್ಲಿ ಅಲ್ಲಿನ ಸರ್ಕಾರ ಪರವಾನಗಿ ಕೊಟ್ಟಿದೆ, ನಮ್ಮ ಆಯುರ್ವೇದದಲ್ಲೂ ವಿಜಯಾ ಅಂತ ಇದರ ಎಲೆ ಬಳಸ್ತಾರೆ. ವೈದ್ಯರು ಬರೆದುಕೊಟ್ಟ ಔಷಧಿ ಬೇರೆ, ಟೆರೇಸ್ ಮೇಲಿನ ರೋಲ್ ಬೇರೆ, ಅದು ನಿನಗೂ ಗೊತ್ತು. ಇಸ್ರೇಲಿನ ತೆಲ್ ಅರಾದ್ ಅನ್ನೋ ಹಳೇ ಯೂದಾಯ ದೇವಸ್ಥಾನದ ಧೂಪಪೀಠದ ಮೇಲೆ ಗಾಂಜಾ ಸುಟ್ಟ ಗುರುತು ಸಿಕ್ಕಿದೆ ಅಂತ 2020ರಲ್ಲಿ ಸಂಶೋಧಕರು ಬರೆದ್ರು, ಯೂಟ್ಯೂಬಲ್ಲಿ ಅದನ್ನೇ ಹಿಡ್ಕೊಂಡು ನೋಡಿ ನೋಡಿ ಅಂತ ಕುಣೀತಾರೆ. ಸಿಕ್ಕಿದ್ದು ನಿಜ. ಆದ್ರೆ ಯೂದಾಯದಲ್ಲಿ ಆ ಕಾಲಕ್ಕೆ ಏನೇನು ಪೂಜೆ ನಡೀತಿತ್ತು ಅಂತ ಯೆಶಾಯನ ಪುಸ್ತಕ ಓದು, ಅಲ್ಲಿ ನಡೆದಿದ್ದೆಲ್ಲಾ ದೇವರು ಮೆಚ್ಚಿದ್ದಲ್ಲ.

ಎದುರು ಪಾರ್ಟಿಯವರ ವಚನಗಳೂ ಅಷ್ಟೇ. ನಿಮ್ಮ ದೇಹ ಪವಿತ್ರಾತ್ಮನ ಗುಡಿ, 1 ಕೊರಿಂಥ 6:19, ಇದನ್ನ ಬೀಡಿಗೂ ಗಾಂಜಾಗೂ ಹೊಡೀತಾರೆ. ಪೌಲ ಅಲ್ಲಿ ಮಾತಾಡ್ತಿರೋದು ವೇಶ್ಯೆಯರ ಹತ್ರ ಹೋಗೋರ ಬಗ್ಗೆ. ದೇಹ ಕಾಪಾಡ್ಕೊಳ್ಳಿ ಅನ್ನೋ ತತ್ವ ಎಲ್ಲದಕ್ಕೂ ಅನ್ವಯಿಸುತ್ತೆ ನಿಜ, ಆದ್ರೆ ಆ ವಚನ ಹಿಡಿದು ಹುಡುಗರನ್ನ ಬೈಯೋ ಹಿರಿಯರ ಬಾಯಲ್ಲಿ ಗುಟ್ಕಾ, ಶುಗರ್ 300 ದಾಟಿದ್ರೂ ಮದುವೆ ಮನೇಲಿ ಮೂರನೇ ಹೋಳಿಗೆ, ಆಗ ಗುಡಿ ನೆನಪಾಗಲ್ಲ. ಎಫೆಸ 5:18 ದ್ರಾಕ್ಷಾರಸ ಕುಡಿದು ಮತ್ತರಾಗಬೇಡಿ ಅನ್ನುತ್ತೆ, ಕುಡೀಲೇಬೇಡಿ ಅನ್ನಲ್ಲ, ಪೌಲ ತಿಮೊಥೆಯನಿಗೆ ಹೊಟ್ಟೆ ಸರಿ ಇಲ್ಲ ಅಂತ ಸ್ವಲ್ಪ ದ್ರಾಕ್ಷಾರಸ ತಗೋ ಅಂತಾನೆ, ಯೇಸು ನೀರನ್ನ ದ್ರಾಕ್ಷಾರಸ ಮಾಡಿದ ಕಾನಾ ಊರಿನ ಮದುವೆ ಎಲ್ಲರಿಗೂ ಗೊತ್ತಿರೋದೇ. ಇದನ್ನಿಟ್ಟುಕೊಂಡು ನೀನು ನನಗೆ ಕೇಳಬಹುದು, ದ್ರಾಕ್ಷಾರಸ ಆಗುತ್ತೆ ಅಂದ್ರೆ ಇದ್ಯಾಕೆ ಆಗಲ್ಲ ಅಂತ. ನ್ಯಾಯವಾದ ಪ್ರಶ್ನೆನೇ. ದ್ರಾಕ್ಷಾರಸ ಊಟದ ಜೊತೆ ಒಂದು ಲೋಟ ಕುಡಿದು ಅಮಲೇರದ ಹಾಗೆ ಎದ್ದು ಹೋಗಬಹುದು, ಗಾಂಜಾನ ಯಾರೂ ರುಚಿಗೆ ಸೇದಲ್ಲ, ಅಮಲೇರ್ಲಿ ಅಂತಲೇ ಸೇದೋದು. ಎಫೆಸದ ಮಾತು ಅಲ್ಲಿಗೆ ಬಂದು ತಾಗುತ್ತೆ. ಕಥೋಲಿಕರಲ್ಲಿ ಇದರ ಬಗ್ಗೆ ಸುತ್ತಿಬಳಸೋ ಮಾತೇ ಇಲ್ಲ, ಅವರ ಧರ್ಮೋಪದೇಶದ 2291ನೇ ಅಂಶ ಚಿಕಿತ್ಸೆಗೆ ಬಿಟ್ಟು ಬೇರೆದಕ್ಕೆ ಡ್ರಗ್ಸ್ ಬಳಸೋದು ಗಂಭೀರ ತಪ್ಪು ಅಂತ ನೇರವಾಗಿ ಹೇಳುತ್ತೆ, ಪೋಪ್ ಫ್ರಾನ್ಸಿಸ್ 2014ರಲ್ಲಿ ರೋಮ್‌ನಲ್ಲಿ ನಡೆದ ಡ್ರಗ್ಸ್ ತಡೆ ಅಧಿಕಾರಿಗಳ ಸಮ್ಮೇಳನದಲ್ಲಿ ಮಜಾಕ್ಕೆ ಬಳಸೋ ಡ್ರಗ್ಸ್‌ನ ಕಾನೂನುಬದ್ಧ ಮಾಡೋದನ್ನ ವಿರೋಧಿಸಿದ್ರು. ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹೀಗೆ ಎಲ್ಲರಿಗೂ ಒಂದೇ ಕಟ್ಟಳೆ ಅಂತ ಇಲ್ಲ, ಅದಕ್ಕೇ ನೀನು ನನ್ನನ್ನ ಕೇಳ್ತಿರೋದು.

ನನ್ನ ಕೇಳಿದ್ರೆ ನಿನ್ನ ಪ್ರಶ್ನೆಗೆ ಉತ್ತರ ಇರೋದು ಗಿಡದ ವಚನದಲ್ಲೂ ಅಲ್ಲ, ಗುಡಿಯ ವಚನದಲ್ಲೂ ಅಲ್ಲ, ಅದೇ 1 ಕೊರಿಂಥ 6ರ 12ನೇ ವಚನದಲ್ಲಿ. ಎಲ್ಲಾ ಮಾಡೋಕೆ ನನಗೆ ಸ್ವಾತಂತ್ರ್ಯ ಇದೆ, ಆದ್ರೆ ನಾನು ಯಾವುದರ ಕೈಕೆಳಗೂ ಹೋಗಲ್ಲ ಅನ್ನೋ ಅರ್ಥದಲ್ಲಿ ಪೌಲ ಹೇಳ್ತಾನೆ. ನೀನೇ ಬರೆದಿದೀಯ, ಮೊದಲು ಶನಿವಾರ ಮಾತ್ರ, ಈಗ ದಿನಾ. ಈ ಬದಲಾವಣೆ ನೀನು ಕೂತು ಯೋಚನೆ ಮಾಡಿ ನಿರ್ಧಾರ ಮಾಡಿದ್ದಾ? ಇನ್ಮೇಲೆ ಬುಧವಾರನೂ ಸೇದೋಣ ಅಂತ ಪ್ರಾರ್ಥನೆ ಮಾಡಿ ತೀರ್ಮಾನ ತಗೊಂಡ್ಯಾ? ಇಲ್ಲ ಅಲ್ವಾ, ಅದೇ ಆಗ್ತಾ ಹೋಯ್ತು. ಸೇದೋ ಹತ್ತು ಜನರಲ್ಲಿ ಹೆಚ್ಚುಕಮ್ಮಿ ಒಬ್ಬರು ಬಿಡೋಕಾಗದ ಹಂತಕ್ಕೆ ಹೋಗ್ತಾರೆ, ದಿನಾ ಸೇದೋರಲ್ಲಿ ಅದಕ್ಕಿಂತ ಜಾಸ್ತಿ.

ನಿದ್ದೆ ವಿಷಯ ಇಲ್ಲೇ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಎಲ್ಲರೂ ಮೋಸ ಹೋಗೋದು ಇಲ್ಲೇ. ಶುರುವಲ್ಲಿ ಗಾಂಜಾ ನಿಜವಾಗ್ಲೂ ಬೇಗ ನಿದ್ದೆ ತರಿಸುತ್ತೆ. ತಿಂಗಳುಗಟ್ಟಲೆ ದಿನಾ ಸೇದಿದ್ಮೇಲೆ ಮೆದುಳು ಅದಕ್ಕೆ ಹೊಂದಿಕೊಂಡುಬಿಡುತ್ತೆ, ಆಮೇಲೆ ಒಂದು ರಾತ್ರಿ ಬಿಟ್ರೂ ನಿದ್ದೆ ಬರಲ್ಲ, ಬಂದ್ರೂ ಸಿನಿಮಾ ಥರ ಕನಸು ಬಿದ್ದು ಬೆಳಗಿನ ಜಾವ ಬೆವತು ಎದ್ದು ಕೂರ್ತೀಯ, ಆಗ ನೋಡಿದ್ಯಾ ಇದಿಲ್ಲದೆ ನನಗೆ ನಿದ್ದೆನೇ ಇಲ್ಲ ಅಂತ ತೀರ್ಮಾನ ಮಾಡ್ತೀಯ. ಅದು ನಿನ್ನ ನಿದ್ದೆ ಕಾಯಿಲೆ ಅಲ್ಲ ಕಣಪ್ಪ, ಬಿಟ್ಟಾಗ ಆಗೋ ವಿತ್‌ಡ್ರಾವಲ್. ರೋಲ್ ಸೇದಿದಾಗ ವಾಸಿ ಆಗೋದು ಆ ರೋಲೇ ತಂದ ತೊಂದರೆ.

ಇನ್ನು ಪ್ರಾರ್ಥನೆ ಆಳವಾಗಿ ಆಗುತ್ತೆ ಅನ್ನೋದು. ಇದನ್ನ ನಿನ್ನ ಸಭಾಪಾಲಕರ ಹತ್ರ ಹೇಳಿದ್ರೆ ಕೆನ್ನೆಗೆ ಬಾರಿಸ್ತಾರೇನೋ, ನಾನು ನಗಲ್ಲ, ಇದನ್ನ ಹೇಳೋರು ನೀನೊಬ್ಬನೇ ಅಲ್ಲ. ಉತ್ತರ ಕರ್ನಾಟಕದ ಕೆಲವು ಆರೂಢ ಅವಧೂತ ಪರಂಪರೆಗಳಲ್ಲಿ ಇದನ್ನ ಧ್ಯಾನಕ್ಕೆ ಅಂತಲೇ ಸೇದೋ ರೂಢಿ ಇದೆ, ಅವರ ದಾರಿ ಅವರಿಗೆ, ಅಲ್ಲಿ ಗುರು ಇರ್ತಾರೆ ಕಟ್ಟುಪಾಡು ಇರುತ್ತೆ. ನಮ್ಮ ದಾರೀಲಿ ಅಂಥದ್ದು ಬಂದಿಲ್ಲ. ಟಿಎಚ್‌ಸಿ ಮಾಡೋ ಕೆಲಸವೇ ಅದು ನೋಡು, ಟೈಮ್ ನಿಧಾನ ಆದ ಹಾಗೆ ಅನ್ನಿಸೋದು, ಸಣ್ಣ ವಿಷಯಕ್ಕೂ ಏನೋ ದೊಡ್ಡ ಅರ್ಥ ಇದ್ದ ಹಾಗೆ ಅನ್ನಿಸೋದು. ಆ ಹೊತ್ತಲ್ಲಿ 23ನೇ ಕೀರ್ತನೆ ಓದಿದ್ರೂ ಮೈ ಜುಮ್ ಅನ್ನುತ್ತೆ, ಮೊಬೈಲ್ ರೀಚಾರ್ಜ್ ಪ್ಲಾನ್ ಓದಿದ್ರೂ ಜುಮ್ ಅನ್ನುತ್ತೆ. ನಿನ್ನ ಅನುಭವ ಸುಳ್ಳು ಅಂತ ನಾನು ಹೇಳಲ್ಲ, ದೇವರು ಅಲ್ಲಿರಲಿಲ್ಲ ಅಂತ ಹೇಳೋ ಅಧಿಕಾರನೂ ನನಗಿಲ್ಲ. ನಾನು ಹೇಳೋದು, ಯಾವುದು ಯಾವುದರಿಂದ ಬಂತು ಅಂತ ತಿಳ್ಕೊಳ್ಳೋ ದಾರಿನೇ ನಿನಗೆ ಮುಚ್ಚಿಹೋಗಿದೆ ಅಂತ. ಪವಿತ್ರಾತ್ಮ ಇಳಿದು ಬಂದ ಪಂಚಾಶತ್ತಮ ದಿನ ಜನ ಅಪೊಸ್ತಲರನ್ನ ನೋಡಿ ಇವರು ಕುಡಿದಿದಾರೆ ಅಂತ ಅಣಕಿಸಿದಾಗ ಪೇತ್ರ ಎದ್ದು ನಿಂತು ಮೊದಲು ಹೇಳಿದ್ದು, ಇನ್ನೂ ಬೆಳಿಗ್ಗೆ ಒಂಬತ್ತು ಗಂಟೆ, ನಾವು ಕುಡಿದಿಲ್ಲ ಅಂತ. ಆತ್ಮನ ಕೆಲಸಕ್ಕೂ ಮತ್ತಿಗೂ ಮಧ್ಯೆ ಗೆರೆ ಎಳೆದಿದ್ದು ಅವನಿಗೆ ಅಷ್ಟು ಮುಖ್ಯ ಆಗಿತ್ತು. ಒಂದು ಕೆಲಸ ಮಾಡು. ರಾತ್ರಿಯ ಆ ಆಳವಾದ ಪ್ರಾರ್ಥನೆ ಆದ್ಮೇಲೆ ಏನು ಸಿಕ್ತು ಅಂತ ಎರಡು ಸಾಲು ಬರೆದಿಟ್ಟಿದ್ದು ಯಾವುದಾದ್ರೂ ಇದ್ರೆ ಬೆಳಿಗ್ಗೆ ತೆಗೆದು ಓದು. ಬರೆದಿಲ್ಲ ಅಂದ್ರೆ ಹಿಂದಿನ ವಾರದ್ದು ಒಂದಾದ್ರೂ ನೆನಪಿದೆಯಾ ನೋಡು. ಗಲಾತ್ಯ 5ರಲ್ಲಿ ಆತ್ಮನ ಫಲ ಅಂತ ಇರೋ ಪಟ್ಟಿಯಲ್ಲಿ ತಾಳ್ಮೆ ಇದೆ, ದಮೆ, ಅಂದ್ರೆ ತನ್ನನ್ನ ತಾನು ಹಿಡಿತದಲ್ಲಿಟ್ಕೊಳ್ಳೋದು, ಅದೂ ಇದೆ. ಸರ್ವಿಸ್ ಲೇಟ್ ಆಯ್ತು ಅಂತ ಕೌಂಟರಿಗೆ ಬಂದು ಕೂಗಾಡೋ ಕಸ್ಟಮರ್ ಎದುರು ಮಾರನೇ ದಿನ ನಿನ್ನ ತಾಳ್ಮೆ ಹೆಚ್ಚಿದೆಯಾ?

ನಿಂಬೆಸಿಪ್ಪೆ ಉಜ್ಜುವಾಗ ಆಗೋ ಒಂಥರಾ ಯಾವುದು ಅಂತನೂ ನೋಡ್ಕೋ. ಸಿಕ್ಕಿಹಾಕ್ಕೊಳ್ಳೋ ಭಯ ಬೇರೆ, ಮನಸ್ಸಾಕ್ಷಿ ಬೇರೆ, ಹೊರಗಿಂದ ಎರಡೂ ಒಂದೇ ಥರ ಕಾಣುತ್ತೆ. ಕೆನಡಾದಲ್ಲಿ 2018ರ ಅಕ್ಟೋಬರ್‌ನಿಂದ ವಯಸ್ಕರಿಗೆ ಇದು ಕಾನೂನುಬದ್ಧ, ಅಂಗಡೀಲೇ ಸಿಗುತ್ತೆ. ನೀನು ಅಲ್ಲಿ ಇದ್ದೀಯ, ಅಪ್ಪ ಅಮ್ಮಂಗೂ ಗೊತ್ತು, ಯಾರೂ ಏನೂ ಅನ್ನಲ್ಲ ಅಂದ್ಕೋ, ಆಗಲೂ ಭಾನುವಾರ ಒಂಥರಾ ಆಗುತ್ತಾ? ಆಗುತ್ತೆ ಅಂದ್ರೆ ರೋಮಾ 14 ನಿನಗೆ ಬರೆದಿದ್ದು, ಸಂದೇಹ ಇಟ್ಕೊಂಡು ಮಾಡೋನು ತನಗೆ ತಾನೇ ದೋಷಿ ಅಂತ ಆ ಅಧ್ಯಾಯ ಮುಗಿಯುತ್ತೆ. ಆಗಲ್ಲ ಅಂದ್ರೆ ನಿನಗಿರೋದು ಊರ ಭಯ, ಅದನ್ನ ಪವಿತ್ರಾತ್ಮನ ಖಾತೆಗೆ ಹಾಕ್ಬೇಡ.

ಕಾನೂನು ಬೇಗ ಮುಗಿಸ್ತೀನಿ. ನಮ್ಮಲ್ಲಿ ಇರೋದು 1985ರ ಎನ್‌ಡಿಪಿಎಸ್, ಅಂದ್ರೆ ಮಾದಕವಸ್ತು ತಡೆ ಕಾಯ್ದೆ. ಸೇದಿದ್ದಕ್ಕೆ ಸೆಕ್ಷನ್ 27, ಗಾಂಜಾಗೆ ಆರು ತಿಂಗಳವರೆಗೆ ಜೈಲು ಅಥವಾ 10,000ವರೆಗೆ ದಂಡ ಅಥವಾ ಎರಡೂ. ಒಂದು ಕೆಜಿವರೆಗೆ ಸಣ್ಣ ಪ್ರಮಾಣ ಅಂತ ಲೆಕ್ಕ, ಇಟ್ಕೊಂಡಿದ್ರೆ ಒಂದು ವರ್ಷದವರೆಗೆ. ನಮ್ಮ ಮನೆ ಟೆರೇಸು, ನನ್ನ ಪಾಡಿಗೆ ನಾನು ಅನ್ನೋ ವಿನಾಯಿತಿ ಇಲ್ಲ. ಭಂಗಿ ಸೊಪ್ಪು, ಅಂದ್ರೆ ಬರೀ ಎಲೆ, ಈ ಕಾಯ್ದೆಯ ವ್ಯಾಖ್ಯೆಯಲ್ಲಿ ಬರಲ್ಲ ನಿಜ, ಆದ್ರೆ ನೀನು ಸೇದ್ತಿರೋದು ಹೂವಿನ ತುದಿ. ರೋಮಾ 13 ಅಧಿಕಾರಿಗಳಿಗೆ ಅಧೀನರಾಗಿರಿ ಅನ್ನುತ್ತೆ, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಅಂತ ಅಪೊಸ್ತಲರೂ ಒಂದ್ಸಲ ಹೇಳಿದಾರೆ, ಅದು ಸುವಾರ್ತೆ ಸಾರೋ ವಿಷಯಕ್ಕೆ, ರಾತ್ರಿ ನಿದ್ದೆಗಲ್ಲ.

ಆದ್ರೆ ಕಾನೂನಿಗಿಂತ ನನ್ನ ಮನಸ್ಸಿಗೆ ಚುಚ್ಚೋದು ಇನ್ನೊಂದು, ಇದರ ಬಗ್ಗೆ ಸಭೆಯಲ್ಲಿ ಯಾರೂ ಮಾತಾಡಲ್ಲ. ನಿನ್ನ ಪೊಟ್ಟಣ ಎಲ್ಲಿಂದ ಬರುತ್ತೆ? ನಮ್ಮ ಜಿಲ್ಲೆ, ಚಿತ್ರದುರ್ಗ ಜಿಲ್ಲೆ ಪೇಪರ್ ತೆಗೆದ್ರೆ ಆಗಾಗ ಕಾಣುತ್ತಲ್ಲ, ಹೊಲದಲ್ಲಿ ಬೆಳೆ ಮಧ್ಯೆ ಗಾಂಜಾ ಗಿಡ, ರೈತನ ಬಂಧನ ಅಂತ, ಕೆಳಗೆ ಒಂದು ಫೋಟೋ, ಕಿತ್ತ ಗಿಡಗಳ ಹಿಂದೆ ಪೊಲೀಸರು ಸಾಲಾಗಿ ನಿಂತಿರ್ತಾರೆ, ಮಧ್ಯದಲ್ಲಿ ಟವೆಲ್‌ನಲ್ಲಿ ಮುಖ ಮುಚ್ಕೊಂಡು ಒಬ್ಬ ಕೂತಿರ್ತಾನೆ. ಗಿಡ ಬೆಳೆಸಿದ್ದಕ್ಕೆ ಸೆಕ್ಷನ್ 20ರಲ್ಲಿ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ. ಮಳೆ ಕೈಕೊಟ್ಟ ವರ್ಷ ಯಾರೋ ಬೀಜ ತಂದುಕೊಟ್ಟು ಬೆಳೀರಿ ನಾವು ತಗೊಳ್ತೀವಿ ಅಂದಿರ್ತಾರೆ, ಸಿಕ್ಕಿಬಿದ್ದಾಗ ಬೀಜ ಕೊಟ್ಟೋನೂ ಇರಲ್ಲ, ಕೊಂಡು ಸೇದೋ ನೀನೂ ಇರಲ್ಲ. ಜೈಲಿಗೆ ಹೋಗೋನು ಅವನು. ಯಾರ ಜೊತೆನೂ ಜಗಳ ಇಲ್ಲ ಅಂತ ಬರೆದಿದ್ದೀಯಲ್ಲ, ನಿನ್ನ ರೋಲ್‌ನಿಂದ ಯಾರಿಗೂ ತೊಂದರೆ ಇಲ್ಲ ಅಂತ ತಾನೇ ಅದರ ಅರ್ಥ, ಆ ಯಾರಿಗೂ ಅನ್ನೋದರಲ್ಲಿ ಈ ಮನುಷ್ಯನನ್ನ ಸೇರಿಸಿದ್ಯಾ? ನೆರೆಯವನು ಯಾರು ಅಂತ ಕೇಳಿದ ಧರ್ಮೋಪದೇಶಕನಿಗೆ ಯೇಸು ಹೇಳಿದ ಕಥೆ ದಾರೀಲಿ ಬಿದ್ದವನ ಬಗ್ಗೆ. ನನ್ನ ದೃಷ್ಟೀಲಿ ಪಾಪ ಅನ್ನೋ ಪದ ಸರಿಯಾಗಿ ಕೂರೋದು ಇಲ್ಲಿ, ಗಿಡದ ಮೇಲಲ್ಲ.

ಈಗ ಬಿಡೋದು ಹೇಗೆ. ಕರ್ತಾ ಇವತ್ತಿಂದ ಮುಟ್ಟಲ್ಲ ಅಂತ ಭಾನುವಾರ ಕಣ್ಣೀರು ಹಾಕಿ ಗುರುವಾರ ಮತ್ತೆ ಟೆರೇಸ್ ಹತ್ತೋ ಪದ್ಧತಿ ಬೇಡ, ಅದರಿಂದ ಬರೀ ನಾಚಿಕೆ ಬೆಳೆಯುತ್ತೆ, ನಾಚಿಕೆ ತಡೆಯೋಕೆ ಮತ್ತೆ ರೋಲ್ ಬೇಕಾಗುತ್ತೆ. ದೇಹಕ್ಕೆ ಏನಾಗುತ್ತೆ ಅಂತ ಮೊದಲೇ ಗೊತ್ತಿದ್ರೆ ಅರ್ಧ ಗೆದ್ದ ಹಾಗೆ. ನಿಲ್ಲಿಸಿದ ಒಂದೆರಡು ದಿನಕ್ಕೆ ಸಿಡಿಸಿಡಿ, ಊಟ ಸೇರಲ್ಲ, ನಿದ್ದೆ ಇಲ್ಲ, ಮೊದಲ ವಾರ ಜಾಸ್ತಿ ಕಷ್ಟ, ಎರಡು ವಾರ ದಾಟಿದ್ರೆ ಬಹಳ ಮಟ್ಟಿಗೆ ಇಳಿಯುತ್ತೆ, ಕನಸು ಮತ್ತೆ ನಿದ್ದೆ ಸರಿ ಹೋಗೋಕೆ ಮಾತ್ರ ಇನ್ನೂ ಸ್ವಲ್ಪ ದಿನ. ಇನ್ನೊಂದು ಯಾರೂ ಹೇಳಲ್ಲ, ರೋಲ್ ಕಟ್ಟುವಾಗ ಸಿಗರೇಟ್ ಪುಡಿ ಬೆರೆಸ್ತೀರಲ್ಲ, ಹಾಗಿದ್ರೆ ನಿನಗೆ ಗಾಂಜಾ ಜೊತೆ ನಿಕೋಟಿನ್ ಚಟನೂ ಹತ್ತಿರುತ್ತೆ, ಗಾಂಜಾ ಬಿಟ್ಟು ಸಿಗರೇಟ್‌ಗೆ ಹೋದ್ರೆ ಮತ್ತೆ ವಾಪಸ್ ಬರೋದು ಸುಲಭ. ಡಾಕ್ಟರ್ ಹತ್ರ ಎರಡೂ ಹೇಳು.

ಚಿಗಟೇರಿ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗು, ಚೀಟಿ ಮಾಡಿಸೋ ಕ್ಯೂ ಉದ್ದ ಆಗೋ ಮುಂಚೆ ಬೆಳಿಗ್ಗೆನೇ ಹೋಗು, ಚಿಕ್ಕಪ್ಪಂಗೆ ಕೊಡ್ತಿದ್ದ ಮಾತ್ರೆಯ ಹಳೇ ಚೀಟಿ ಏನಾದ್ರೂ ಚಿಕ್ಕಮ್ಮನ ಹತ್ರ ಇದ್ರೆ ಇಸ್ಕೊಂಡು ಹೋಗು, ಡಾಕ್ಟರಿಗೆ ಅದರಿಂದ ಬಹಳ ಗೊತ್ತಾಗುತ್ತೆ. ಪೊಲೀಸಿಗೆ ಹೇಳ್ತಾರೇನೋ ಅನ್ನೋ ಭಯ ಎಲ್ಲರಿಗೂ ಇರುತ್ತೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಿನ್ನ ಚಿಕಿತ್ಸೆ ವಿಷಯ ಗುಟ್ಟಾಗಿಡೋದು ನಿನ್ನ ಹಕ್ಕು, ಮಾದಕವಸ್ತುವಿನಿಂದ ಬಂದ ತೊಂದರೆನೂ ಅದರಲ್ಲಿ ಸೇರುತ್ತೆ. ಅಷ್ಟೇ ಅಲ್ಲ, ಎನ್‌ಡಿಪಿಎಸ್ ಕಾಯ್ದೆಯಲ್ಲೇ ಸೆಕ್ಷನ್ 64ಎ ಅಂತ ಇದೆ, ಸೇದಿದ ಕೇಸಲ್ಲೋ ಸಣ್ಣ ಪ್ರಮಾಣದ ಕೇಸಲ್ಲೋ ಸಿಕ್ಕ ವ್ಯಸನಿ ತಾನಾಗೇ ಸರ್ಕಾರಿ ಅಥವಾ ಮಾನ್ಯತೆ ಇರೋ ಕಡೆ ಚಿಕಿತ್ಸೆಗೆ ಹೋಗಿ ಪೂರ್ತಿ ಮುಗಿಸಿದ್ರೆ ಶಿಕ್ಷೆಯಿಂದ ವಿನಾಯಿತಿ ಸಿಗುತ್ತೆ. ಮುಖ ತೋರಿಸೋಕೆ ಇನ್ನೂ ಧೈರ್ಯ ಇಲ್ಲ ಅಂದ್ರೆ ಮೊದಲು 14446ಕ್ಕೆ ಫೋನ್ ಮಾಡು, ಅದು ವ್ಯಸನಮುಕ್ತಿ ಸಹಾಯವಾಣಿ, ಅಥವಾ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಕೇಂದ್ರ ಸರ್ಕಾರದ 2019ರ ವರದಿ ಪ್ರಕಾರ ದೇಶದಲ್ಲಿ 3 ಕೋಟಿಗೂ ಮೀರಿ ಜನ ಒಂದು ವರ್ಷದೊಳಗೆ ಭಂಗಿ ಗಾಂಜಾ ಚರಸ್ ಯಾವುದೋ ಒಂದನ್ನ ಬಳಸಿದ್ರು, ಅಲ್ಲಿ ಕೂತಿರೋ ಡಾಕ್ಟರಿಗೆ ನೀನು ಹೊಸ ಪ್ರಾಣಿ ಏನಲ್ಲ. ಕೆಲವರು ಲೆಂಟ್, ಅಂದ್ರೆ ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದ 40 ದಿನ ಬಿಟ್ಟು ನೋಡ್ತೀನಿ ಅಂತಾರೆ, ಒಳ್ಳೇ ಯೋಚನೆನೇ, 40 ದಿನದಲ್ಲಿ ವಿತ್‌ಡ್ರಾವಲ್ ಬಹುಪಾಲು ಮುಗಿದು ಗಾಂಜಾ ಇಲ್ಲದ ತಲೆ ಹೇಗಿರುತ್ತೆ ಅಂತ ನೆನಪಾಗೋಕೆ ಟೈಮ್ ಸಿಗುತ್ತೆ, ಆದ್ರೆ ನೀನು ಲೆಂಟ್ ಬರೋವರೆಗೆ ಕಾಯ್ಬೇಡ.

ಯಾರಿಗೆ ಹೇಳ್ಬೇಕು ಅಂದ್ರೆ, ಒಬ್ಬರಿಗೆ ಹೇಳು. ಒಬ್ಬರಿಗೆ ಮಾತ್ರ. ಯಾಕೋಬ 5:16 ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡ್ಕೊಳ್ಳಿ ಅನ್ನುತ್ತೆ, ಆದ್ರೆ ನಮ್ಮ ಚಿಕ್ಕ ಸಭೆಗಳಲ್ಲಿ ಒಂದು ವಿಷಯ ಪ್ರಾರ್ಥನಾ ಬಿನ್ನಹ ಅಂತ ಶುರುವಾಗಿ ಮಂಗಳವಾರದ ಹೊತ್ತಿಗೆ ಹರಿಹರ ಮುಟ್ಟಿರುತ್ತೆ. ಕಥೋಲಿಕರಿಗೆ ಪಾಪನಿವೇದನೆ ಅಂತ ಇದೆ, ಗುರುಗಳು ಜೀವ ಹೋದ್ರೂ ಹೊರಗೆ ಬಾಯಿಬಿಡೋ ಹಾಗಿಲ್ಲ, ನಮಗೆ ಆ ಸೌಕರ್ಯ ಇಲ್ಲ, ಹಾಗಾಗಿ ಸಭಾಪಾಲಕರಾಗ್ಲಿ ಇನ್ಯಾರಾಗ್ಲಿ, ಬೇರೆಯವರ ಗುಟ್ಟನ್ನ ನಿನ್ನ ಹತ್ರ ಯಾವತ್ತೂ ಹೇಳದೇ ಇರೋರನ್ನ ಆರಿಸ್ಕೋ.

ಆ ಚಿತ್ರದುರ್ಗದ ಹುಡುಗಿಗೆ ಮಾತ್ರ ಹೇಳ್ಲೇಬೇಕು, ನಿಶ್ಚಿತಾರ್ಥಕ್ಕೆ ಮುಂಚೆ, ನೀನೇ, ಮಧ್ಯದಲ್ಲಿ ಮಾವ ಅತ್ತೆ ಬ್ರೋಕರ್ ಯಾರೂ ಬೇಡ. ಮದುವೆ ಪ್ರಕಟಣೆ ಮೂರು ಭಾನುವಾರ ಓದ್ತಾರಲ್ಲ, ಯಾರಿಗಾದ್ರೂ ಆಕ್ಷೇಪಣೆ ಇದ್ರೆ ತಿಳಿಸಿ ಅಂತ, ಆವಾಗ ಗಿಟಾರ್ ಹಿಡ್ಕೊಂಡು ಮೂಲೇಲಿ ತಲೆ ತಗ್ಗಿಸಿ ನಿಲ್ಲೋ ಪರಿಸ್ಥಿತಿ ತಂದ್ಕೋಬೇಡ. ಏನು ಹೇಳ್ಬೇಕು ಅಂದ್ರೆ ಉದ್ದ ಭಾಷಣ ಬೇಡ, ನಾನು ನಾಲ್ಕು ವರ್ಷ ಗಾಂಜಾ ಸೇದ್ತಿದ್ದೆ, ಇಂಥ ದಿನದಿಂದ ನಿಲ್ಲಿಸಿದೀನಿ, ಡಾಕ್ಟರ್ ಹತ್ರ ಹೋಗ್ತಿದೀನಿ, ನಮ್ಮ ಚಿಕ್ಕಪ್ಪಂಗೆ ಹೀಗೆ ಕಾಯಿಲೆ ಇತ್ತು, ನಿಮಗೆ ಯೋಚನೆ ಮಾಡೋಕೆ ಟೈಮ್ ಬೇಕಾದ್ರೆ ತಗೊಳ್ಳಿ. ಇಷ್ಟೇ. ನಿಲ್ಲಿಸೋಕೆ ಮುಂಚೆ ಹೇಳೋಕೆ ಹೋಗ್ಬೇಡ, ಮುಂದೆ ಬಿಡ್ತೀನಿ ಅನ್ನೋ ಮಾತಿಗೆ ಬೆಲೆ ಇರಲ್ಲ. ಅವಳು ಬೇಡ ಅಂದ್ರೆ? ಅನ್ನಬಹುದು, ಅದು ಅವಳ ಹಕ್ಕು. ಆದ್ರೆ ಮದುವೆ ಆಗಿ ಆರು ತಿಂಗಳಿಗೆ ಜೇಬಲ್ಲಿ ರೋಲಿಂಗ್ ಪೇಪರ್ ಸಿಕ್ಕು ಗೊತ್ತಾಗೋದು ಇದೆಯಲ್ಲ, ಅಂಥ ಕೇಸು ಕೂತು ಸರಿ ಮಾಡೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಕರ್ತನ ಭೋಜನ ತಗೊಳ್ಳೋದು ಬಿಟ್ಟಿದೀಯ ಅಂದೆ. ಯೋಗ್ಯತೆ ಇಲ್ಲದೆ ತಗೊಂಡ್ರೆ ದಂಡನೆ ಅನ್ನೋ 1 ಕೊರಿಂಥ 11ರ ಭಯ ಅದು. ಆ ಅಧ್ಯಾಯದಲ್ಲಿ ಪೌಲ ಗದರಿಸ್ತಿರೋದು ಬಡವರು ಬರೋ ಮುಂಚೆನೇ ತಿಂದು ಕುಡಿದು ಮುಗಿಸಿಬಿಡ್ತಿದ್ದ ಉಳ್ಳವರನ್ನ, ಮತ್ತೆ 28ನೇ ವಚನದಲ್ಲಿ ಹೇಳೋದು ತನ್ನನ್ನ ತಾನು ಪರೀಕ್ಷಿಸಿಕೊಂಡು ಆಮೇಲೆ ರೊಟ್ಟಿ ತಿನ್ನಲಿ ಅಂತ. ಪರೀಕ್ಷಿಸಿಕೊಂಡು ಹೊರಗೆ ನಿಲ್ಲಲಿ ಅಂತಲ್ಲ. ಬಿಡೋ ದಾರಿ ಹಿಡಿದಿರೋನು, ಮಧ್ಯದಲ್ಲಿ ಒಂದ್ಸಲ ಜಾರಿದವನೂ, ಧಾರಾಳವಾಗಿ ಮುಂದೆ ಬಂದು ತಗೊಳ್ಳಬಹುದು ಅಂತ ನಾನು ಓದ್ತೀನಿ. ಬಿಡೋ ಮನಸ್ಸೇ ಇಲ್ಲದೆ ಬರೀ ರೂಢಿಗೆ ಕೈ ಚಾಚೋದಾದ್ರೆ ಅದನ್ನ ನೀನು ನಿನ್ನ ಸಭಾಪಾಲಕರ ಹತ್ರ ಕೂತು ಮಾತಾಡು, ಆ ವಿಷಯ ನಾನು ಇಲ್ಲಿ ಕೂತು ತೀರ್ಮಾನ ಮಾಡೋದಲ್ಲ.

ಗಿಟಾರ್ ಬಿಡ್ಬೇಡ, ನುಡಿಸು. ಆದ್ರೆ ಶನಿವಾರ ಪ್ರಾಕ್ಟೀಸ್‌ಗೆ ಇನ್ಮೇಲೆ ಆ ಇಬ್ಬರ ಬೈಕ್ ಹಿಂದೆ ಕೂತು ಹೋಗ್ಬೇಡ, ನಿನ್ನ ಗಾಡೀಲೇ ಹೋಗು, ಕೆರೆ ಕಡೆ ಹೋಗೋಣ ಬಾ ಅಂದಾಗ ಡಾಕ್ಟರ್ ಬೇಡ ಅಂದಿದಾರೆ ಅಂತ ಹೇಳಿ ಗಾಡಿ ಸ್ಟಾರ್ಟ್ ಮಾಡು, ಧರ್ಮದ ಕಾರಣ ಹೇಳಿದ್ರೆ ವಾದಕ್ಕೆ ಬರ್ತಾರೆ, ಡಾಕ್ಟರ್ ಹೆಸರು ಹೇಳಿದ್ರೆ ಯಾರೂ ಬರಲ್ಲ.